ಒಂದೇ ಮಳೆ, ಎರಡು ಹೊಳೆ

ಬೆಂಗಳೂರಿಗೆ ನದಿಯಿಲ್ಲವೆಂದು ಪರಸ್ಥಳದವರು ಹಾಸ್ಯಮಾಡುವುದುಂಟು. ನಾವೂ ತಲೆತಗ್ಗಿಸಿ ಒಪ್ಪಿಕೊಳ್ಳುವುದುಂಟು. ಆದರೆ ನಮ್ಮ ಊರು ನೆಲೆಸಿರುವುದು ಎರಡು ನದಿಗಳ ನೆತ್ತಿಯ ಮೇಲೆ. ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದ ದಿಣ್ಣೆಯೊಂದು ನಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಾಯ್ದಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯಾಗಿ ಅರ್ಕಾವತಿಯನ್ನು ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಪೂರ್ವಕ್ಕೆ ಬಿದ್ದುದು ಹೆಬ್ಬಾಳ, ಕೋರಮಂಗಲಗಳ ಕಣಿವೆಯಿಳಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ.

ಬಿದ್ದ ನೀರು ನಿಲ್ಲದೆ ಇಳಿದುಹೋಗುವ ಇಂತಹ ನೆಲದಲ್ಲಿ ಬಾಳುವುದೆಂತು? ಹಿರಿಯರು ಕಣಿವೆಗಳಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ, ಮೇಲಣ ಕೆರೆಯ ಕೋಡಿ ಕೆಳಗಣ ಕೆರೆಯನ್ನು ತುಂಬುವಂತೆ ಸಾಲುಗೊಳಿಸಿದರು. ಒಂದು ಕೊಂಡಿ ಕಳಚಿದರೆ ಸರಪಣಿಯೆಲ್ಲವೂ ಸಡಿಲ. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವೆದ್ದಿದೆ. 1974ರಿಂದ ನಾವು ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು ಮೇಲಕ್ಕೆತ್ತಿ ತಂದು ಕುಡಿಯುತ್ತಿದ್ದೇವೆ. ಮಳೆಗಾಲದಲ್ಲಿ ದಾರಿಗಾಣದ ನೀರು ಮನೆಗಳೊಳಕ್ಕೆ ನುಗ್ಗುತ್ತದೆ.

ಊರಿನ ಮೇಲಣ ಹೆಮ್ಮೆಯು ಊರಿನ ಅರಿವಿನಿಂದ ಹುಟ್ಟಬೇಕು. ಮುಂದಿನ ಮಳೆ ಬಂದಾಗ ಮಕ್ಕಳನ್ನು ಬಾಗಿಲಿಗೆ ಕರೆದು, ನಿಮ್ಮ ಅಂಗಳದ ನೀರು ಯಾವ ಕೆರೆಗೆ, ಯಾವ ನದಿಗೆ ಹೊರಟಿದೆಯೆಂದು ತೋರಿಸಿರಿ. ನಿಮಗೇ ತಿಳಿಯದಿದ್ದರೆ, ಅವರೊಡನೆ ಅದರ ಹಿಂದೆ ನಾಲ್ಕು ಹೆಜ್ಜೆ ನಡೆದುಬನ್ನಿರಿ.