ಪಶುಪಾಲನೆಯೂ ಕಾಯಕಧರ್ಮವೂ



ಬಳ್ಳಾರಿಗೆ ಸಮೀಪವಾದ ಕೊಳಗಲ್ಲು ಬಹು ಪ್ರಾಚೀನವಾದ ಗ್ರಾಮವು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ತೀರಿಕೊಂಡುದನ್ನೂ ಖೊಟ್ಟಿಗನು ಪಟ್ಟವನ್ನೇರಿದುದನ್ನೂ ತಿಳಿಸುವ ಕ್ರಿ. ಶ. 967ರ ಶಾಸನವು ಇಲ್ಲಿಯದೇ. ಆ ಅರಸರ ಸಿರಿಯು ಅಳಿದುಹೋಯಿತು. ಆದರೆ ಬೆಳಗಿನ ಜಾವದಲ್ಲಿ ಕರುವಿಗಾಗಿ ಹಂಬಲಿಸುವ ಆಕಳಿನ ಕೂಗು ಈ ಸೀಮೆಯಲ್ಲಿ ಇನ್ನೂ ಅಳಿದಿಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದು ಕೆಲವು ಹೊಲಗಳು ಹಸುರಾದುವು. ಮಳೆಯನ್ನೇ ನಂಬಿದ ಉಳಿದ ಎರೆಯ ನೆಲದಲ್ಲಿಯಾದರೋ, ಬೆಳೆ ಕೈಕೊಟ್ಟ ವರ್ಷ ಒಕ್ಕಲಿಗನ ಮಾನವನ್ನು ಕಾಯುವವು ನಾಲ್ಕು ಆಕಳು, ಹತ್ತು ಬಳ್ಳಾರಿ ಕುರಿಗಳೇ ಸರಿ.

ಪಶುಗಳನ್ನು ಕಾಯುವುದು ಹೀನವೃತ್ತಿಯೆಂದು ಶರಣರು ಎಂದೂ ಬಗೆಯಲಿಲ್ಲ. ತುರುಗಾಹಿ ರಾಮಣ್ಣನು ದನಗಳನ್ನು ಕಾಯುತ್ತಲೇ ವಚನಕಾರನಾದನು. ವೀರಗೊಲ್ಲಾಳನು ಕುರಿಯ ಹಿಕ್ಕೆಯಲ್ಲಿಯೇ ಲಿಂಗವನ್ನು ಕಂಡು ಪೂಜಿಸಿದನೆಂಬುದು ಭಕ್ತರೆಲ್ಲರೂ ಬಲ್ಲ ಕಥೆ. ಇಂದು ವಿದ್ಯಾವಂತರಾದ ತರುಣರು ಕೆಲವರು ಚಿಕ್ಕ ಕೊಟ್ಟಿಗೆಗಳಿಗೆ ಹೋಗಿ, ಕೆಲವು ದಿನಗಳ ಮಟ್ಟಿಗೆ ಸೇವೆ ಮಾಡಿ ಕಲಿಯಬೇಕೆಂದು ಬಯಸುವುದು ಸಂತೋಷದ ಸಂಗತಿ. ಆದರೆ ಆ ಸೇವೆಗೂ ನಿಯಮವುಂಟು.

ಮೊದಲನೆಯದು, ಕಾಲನಿಷ್ಠೆ. ದನಕ್ಕೆ ಹಬ್ಬವಿಲ್ಲ, ರಜೆಯಿಲ್ಲ. ಹೊತ್ತು ತಪ್ಪಿ ಹಿಂಡಿದರೆ ಕೆಚ್ಚಲು ಬಾಯುವುದು. ಸೆಗಣಿ ಬಾಚದಿದ್ದರೆ ಗೊರಸು ಕೊಳೆಯುವುದು. ಎರಡನೆಯದು, ತಿಳಿವು. ಈಯುವ ಆಕಳಿನ ಮಾಸು ಬೀಳುವವರೆಗೆ ಕರುವಿಗೆ ಹಾಲು ಕುಡಿಸಬಾರದೆಂಬ ರೂಢಿ ಹಲವೆಡೆ ಉಂಟು. ಇದು ತಪ್ಪು. ರೋಗವನ್ನು ತಡೆಯುವ ಶಕ್ತಿಯು ಕರುವಿಗೆ ಗರ್ಭದಲ್ಲಿ ದೊರೆಯದೆ ಗಿಣ್ಣುಹಾಲಿನಿಂದಲೇ ದೊರೆಯತಕ್ಕದ್ದು. ಅದನ್ನು ಹೀರಿಕೊಳ್ಳುವ ಸಾಮರ್ಥ್ಯವು ಒಂದು ದಿನದೊಳಗೆ ಕುಂದಿಹೋಗುವುದು. ಆದುದರಿಂದ ಹುಟ್ಟಿದ ಒಂದೆರಡು ಗಳಿಗೆಯೊಳಗೆ ಗಿಣ್ಣನ್ನು ಕುಡಿಸತಕ್ಕದ್ದು. ಹಾಗೆಯೇ, ಮಳೆ ಬಿದ್ದು ಎಳೆಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳುಬೇನೆ ತಗಲುವುದರಿಂದ ಮುಂಗಾರಿಗೆ ಮುನ್ನವೇ ಲಸಿಕೆ ಹಾಕಿಸತಕ್ಕದ್ದು.

ಮೂರನೆಯದೇ ಮುಖ್ಯವಾದುದು, ಅದು ಕಲಿಯುವವನಿಗಲ್ಲ, ಕಲಿಸುವ ಯಜಮಾನನಿಗೆ ಸೇರಿದುದು. ಕಂದು ಹಾಕಿದ ಆಕಳಿನ ಮಾಸನ್ನು ಬರಿಗೈಯಿಂದ ಮುಟ್ಟಿದವನಿಗೆ ಬಿಟ್ಟು ಬಿಟ್ಟು ಬರುವ ಕಠಿನವಾದ ಜ್ವರವು ಅಂಟಬಹುದು. ಇದನ್ನು ತಿಳಿಸದೆ ಹೊಸಬನನ್ನು ಕೊಟ್ಟಿಗೆಗೆ ಅಟ್ಟುವವನು ಗುರುವಲ್ಲ. ಸೇವೆಯೆಂಬ ಹೆಸರಿನಲ್ಲಿ ಹಗಲಿರುಳು ದುಡಿಸಿಕೊಂಡು, ಏನನ್ನೂ ಕಲಿಸದೆ, ಹೊಟ್ಟೆಗೂ ಸರಿಯಾಗಿ ಇಕ್ಕದೆ ಕಳುಹಿಸಿದರೆ ಅದು ಸೇವೆಯಲ್ಲ, ಬಿಟ್ಟಿ. ದಖ್ಖನದ ಕುರುಬರಲ್ಲಿ ಕುರಿ ಕಾಯುವ ಹುಡುಗನಿಗೆ ಕೂಲಿಯ ಭಾಗವಾಗಿ ಮರಿಗಳನ್ನು ಕೊಡುವ ಪದ್ಧತಿಯಿದೆ. ದುಡಿದವನು ಮುಂದೆ ತನ್ನದೇ ಹಿಂಡನ್ನು ಕಟ್ಟಿಕೊಳ್ಳಲೆಂಬ ನ್ಯಾಯವು ಅದರಲ್ಲಿ ಅಡಗಿದೆ. ಓದುಬರಹವಿಲ್ಲದ ಹಿರಿಯರು ಕಂಡ ಈ ನ್ಯಾಯವು ಓದಿದವರಿಗೆ ಕಾಣದೆ ಹೋಗಬಾರದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಶರಣೆಯ ಮಾತು ಅಕ್ಕಿಗೆ ಮಾತ್ರ ಸಲ್ಲುವುದೇ? ಪರರ ಬೆವರನ್ನು ಹೆಚ್ಚಾಗಿ ಮನೆಗೆ ತಂದುಕೊಂಡವನಿಗೂ ಸಲ್ಲುವುದು. ಕರುವಿನ ಪಾಲನ್ನು ಬಿಡದೆ ಹಿಂಡಿದ ಹಾಲು ಹೇಗೆ ಪೂಜೆಗೆ ಅರ್ಹವಲ್ಲವೋ, ದುಡಿದವನ ಪಾಲನ್ನು ಕೊಡದೆ ಪಡೆದ ಹಾಲೂ ಹಾಗೆಯೇ.

ಆದಕಾರಣ, ಭಕ್ತರ ಮಕ್ಕಳು ಕೊಟ್ಟಿಗೆಗೆ ಹೋಗಲಿ, ಸೆಗಣಿಯನ್ನು ಬಾಚಲಿ, ನಾಚದಿರಲಿ. ಯಜಮಾನರಾದವರು ಅವರಿಗೆ ಅನ್ನವನ್ನೂ ವಿದ್ಯೆಯನ್ನೂ, ಕೆಲಸ ಕಲಿತ ಮೇಲೆ ತಕ್ಕ ಕೂಲಿಯನ್ನೂ ಕೊಡಲಿ. ಆಗ ಕಾಯಕವು ಕಾಯಕವಾಗಿಯೂ ದಾಸೋಹವು ದಾಸೋಹವಾಗಿಯೂ ಉಳಿಯುವುದು.

ಸರ್ವರಿಗೂ ಮಂಗಳವಾಗಲಿ.