ಬ್ರೇಕ್ ದುರಸ್ತಿಯ ನಂತರದ ನಡುಕ



ನಾಲ್ಕು ಚಕ್ರದ ಸ್ವಚ್ಛವಾಹಿನಿ ಬ್ರೇಕ್ ದುರಸ್ತಿಯಾಗಿ ಬಂದ ಮೇಲೆ ನಡುಗುತ್ತಿದೆಯೆಂದು ಚಾಲಕಿ ತಿಳಿಸಿದರೆ, ಮೊದಲು ಕೇಳಬೇಕಾದುದು ಇಷ್ಟೇ: ನಡುಕ ಬ್ರೇಕ್ ಒತ್ತಿದಾಗ ಮಾತ್ರವೋ, ಸದಾ ಇರುವುದೋ? ಸದಾ ಇದ್ದರೆ ಚಕ್ರದ ನಟ್ಟು, ಟೈರು, ಬ್ಯಾಲೆನ್ಸ್ ಪರಿಶೀಲಿಸತಕ್ಕದ್ದು. ನಟ್ಟು ಸಡಿಲವಿದ್ದಲ್ಲಿ ವಾಹನ ಚಲಿಸಲೇಕೂಡದು.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿದರೆ ಮುಂದಿನ ಡಿಸ್ಕಿನ ಮೇಲೆ ಸಂಶಯ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಉಪ್ಪುಗಾಳಿಗೆ, ಮಳೆಗೆ, ಡಿಸ್ಕ್ ಕೂರುವ ಹಬ್ಬಿನ ಮುಖ ಬೇಗ ತುಕ್ಕು ಹಿಡಿಯುತ್ತದೆ. ಅದನ್ನು ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಜೋಡಿಸಿದರೆ ಅದು ಓರೆಯಾಗಿ ತಿರುಗುತ್ತದೆ. ಕೂದಲೆಳೆಯಷ್ಟು ಓರೆಯೂ ಸಾಕು. ಡಯಲ್ ಗೇಜಿನಿಂದ ಇದನ್ನು ಅಳೆಯಬಹುದು. ಅಳೆಯದೆ ಮತ್ತೊಂದು ಡಿಸ್ಕ್ ಬೇಕೆಂದರೆ ಒಪ್ಪಬೇಕಾಗಿಲ್ಲ, ಅದು ಪಂಚಾಯತಿಯ ಹಣ.

ಹಬ್ಬು ಶುಚಿಗೊಳಿಸಿ, ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚಿನಿಂದ ಸಮನಾಗಿ ಬಿಗಿಸಿ, ಚಾಲಕಿಯೇ ಓಡಿಸಿ ನೋಡಿ ಒಪ್ಪಿದ ಬಳಿಕ ಬಿಲ್ಲು ಮಂಜೂರಾಗಲಿ.