ಹೊರದಾರಿಯ ಜೀನುಗಳು

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿರುವ ಬಯೋಕಾನ್ ಕಂಪನಿ 2004ರಲ್ಲಿ ಇನ್ಸುಜೆನ್ ಎಂಬ ಹೆಸರಿನಲ್ಲಿ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಅದರ ತಯಾರಿಕೆಗೆ ಬಳಸಿದ್ದು ಪಿಕಿಯಾ ಪ್ಯಾಸ್ಟೋರಿಸ್ ಎಂಬ ಯೀಸ್ಟ್. ಮನುಷ್ಯನ ಜೀನನ್ನು ಸೂಕ್ಷ್ಮಜೀವಿಗೆ ಸೇರಿಸಿದರು, ಅದು ಇನ್ಸುಲಿನ್ ಮಾಡಿಕೊಟ್ಟಿತು ಎಂದು ಈ ಕಥೆಯನ್ನು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಕಥೆ. ಕೋಶದೊಳಗೆ ತಯಾರಾದ ಪ್ರೋಟೀನು ಕೊಬ್ಬಿನ ಪೊರೆಯನ್ನು ದಾಟಿ ಹೊರಗಿನ ದ್ರವಕ್ಕೆ ಬರಬೇಕು, ಹಾಗೆ ದಾಟಿಸುವುದಕ್ಕೆ ಬೇರೆಯೇ ಜೀನುಗಳಿವೆ. ಆ ಜೀನುಗಳ ಅರಿವು ನಮಗೆ ಸಿಕ್ಕಿದ್ದು ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳಿಂದ. ಆ ಅರಿವಿಲ್ಲದೆ ಇಂದಿನ ಇನ್ಸುಲಿನ್ ಉದ್ಯಮವನ್ನು ವಿವರಿಸಲಾಗದು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಆಕ್ಷೇಪ ಕಾರ್ಖಾನೆಗಳ ಕಡೆಯಿಂದಲೇ ಬರುತ್ತದೆ. ಬಯೋಕಾನ್ 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಕಿಣ್ವಗಳ ಕಂಪನಿಯಾಗಿ. ಪರಂಗಿ ಹಣ್ಣಿನ ಹಾಲಿನಿಂದ ತೆಗೆಯುವ ಪಪೈನ್ ಅದರ ಮೊದಲ ಸರಕುಗಳಲ್ಲೊಂದು. 2007ರಲ್ಲಿ ಅದು ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೋವೋಜೈಮ್ಸ್‌ಗೆ ಮಾರಿತು. ನೋವೋಜೈಮ್ಸ್‌ನ ಪೂರ್ವಜ ಸಂಸ್ಥೆಯಾದ ನೋವೋ, 1960ರ ದಶಕದಲ್ಲೇ ಬಟ್ಟೆ ಸೋಪಿನ ಪುಡಿಗೆ ಬೇಕಾದ ಕಿಣ್ವವನ್ನು ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ತೆಗೆಯುತ್ತಿತ್ತು. ಆಗ ಸ್ರವಿಕೆಯ ಜೀನುಗಳ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ತಳಿವಿಜ್ಞಾನ ಯಾಕೆ ಬೇಕಿತ್ತು? ಉತ್ತರ ಬ್ಯಾಸಿಲಸ್‌ನಲ್ಲೇ ಇದೆ. ಅದು ಮಣ್ಣಿನ ಜೀವಿ. ಕಿಣ್ವವನ್ನು ಹೊರಗೆ ಚೆಲ್ಲಿ, ಕರಗಿದ್ದನ್ನು ಹೀರಿಕೊಂಡು ಬದುಕುವುದು ಅದರ ಸ್ವಭಾವ. ಅದಕ್ಕಿರುವುದು ಒಂದೇ ಪೊರೆ. ತನ್ನದೇ ಪ್ರೋಟೀನನ್ನಾದರೆ ಅದು ಒಂದು ಲೀಟರಿಗೆ ಇಪ್ಪತ್ತು ಗ್ರಾಮಿನಷ್ಟು ಹೊರಹಾಕಬಲ್ಲದು. ಅದೇ ಜೀವಿಗೆ ಮನುಷ್ಯನ ಪ್ರೋಟೀನು ಕೊಟ್ಟರೆ ಇಳುವರಿ ಸಾಮಾನ್ಯವಾಗಿ ಕುಸಿಯುತ್ತದೆ. ಸ್ವಭಾವವನ್ನು ಬಳಸಿಕೊಳ್ಳಲು ತಿಳುವಳಿಕೆ ಬೇಕಿರಲಿಲ್ಲ. ಪರಕೀಯ ಪ್ರೋಟೀನು ಎಲ್ಲಿ ನಿಂತಿತು ಎಂದು ತಿಳಿಯಲು ಬೇಕಾಯಿತು.

ಆ ತಿಳುವಳಿಕೆ ಬೆಳೆದ ರೀತಿ ಬಲು ಸುಂದರ. 1971ರಲ್ಲಿ ನ್ಯೂಯಾರ್ಕಿನಲ್ಲಿ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟೀನಿ ಒಂದು ಊಹೆ ಮುಂದಿಟ್ಟರು. ಹೊರಹೋಗಬೇಕಾದ ಪ್ರೋಟೀನಿನ ಮುಂತುದಿಯಲ್ಲಿ ಕೆಲವು ಅಮೈನೊ ಆಮ್ಲಗಳ ತುಣುಕೊಂದು ವಿಳಾಸದ ಚೀಟಿಯಂತೆ ಇರುತ್ತದೆ ಎಂಬುದು ಅದರ ತಿರುಳು. ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಆದರೆ ಆ ಚೀಟಿಯನ್ನು ಓದುವವರು ಯಾರು? ಹಾರ್ವರ್ಡಿನಲ್ಲಿ ಜಾನ್ ಬೆಕ್ವಿತ್, ಥಾಮಸ್ ಸಿಲ್ಹಾವಿ ಮತ್ತು ಜೊತೆಗಾರರು ಇದನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನೇ ಕೇಳಿದರು. ಮಾಲ್ಟೋಸ್ ಸಕ್ಕರೆಯನ್ನು ಹಿಡಿಯುವ ಒಂದು ಪ್ರೋಟೀನು ಒಳಪೊರೆ ದಾಟುವಂಥದ್ದು. ಲ್ಯಾಕ್ಟೋಸ್ ಒಡೆಯುವ ಕಿಣ್ವ ಒಳಗೇ ಉಳಿಯುವಂಥದ್ದು. ಅವರು ಈ ಎರಡರ ಜೀನುಗಳನ್ನು ಬೆಸೆದರು. ಮಾಲ್ಟೋಸ್ ಕೊಟ್ಟೊಡನೆ ಬೆಸುಗೆಯ ಪ್ರೋಟೀನು ರಾಶಿಯಾಗಿ ತಯಾರಾಗಿ, ಪೊರೆಯಲ್ಲಿ ಅರ್ಧ ತೂರಿ ಸಿಕ್ಕಿಕೊಂಡು, ಬ್ಯಾಕ್ಟೀರಿಯಾ ಸತ್ತಿತು. ಕೋಟಿಗಟ್ಟಲೆ ಸಾವಿನ ನಡುವೆ ಉಳಿದ ಬೆರಳೆಣಿಕೆಯವನ್ನು ಹೆಕ್ಕಿ ನೋಡಿದರೆ, ಹಲವದರಲ್ಲಿ ಕೆಟ್ಟದ್ದು ಆ ಮುಂತುದಿಯ ತುಣುಕೇ ಆಗಿತ್ತು. ಇನ್ನೂ ಚುರುಕಾದದ್ದು ಮುಂದಿನ ಹೆಜ್ಜೆ. ಪೊರೆಯಲ್ಲಿ ಸಿಕ್ಕಿಕೊಂಡ ಕಿಣ್ವ ಕೆಲಸ ಮಾಡದು, ಆದ್ದರಿಂದ ಅಂಥ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ತಿಂದು ಬದುಕಲಾರದು. ಬದುಕಿದರೆ ದಾಟಿಸುವ ಯಂತ್ರದಲ್ಲೇ ಎಲ್ಲೋ ದೋಷ ಬಂದಿರಬೇಕು. ಹೀಗೆ 1981ರಲ್ಲಿ ಸೆಕ್-ಎ ಎಂಬ ಜೀನು ಸಿಕ್ಕಿತು. ಅದೇ ವರ್ಷ ಸಿಲ್ಹಾವಿ ತಂಡ, ಚೀಟಿ ಕೆಟ್ಟ ಪ್ರೋಟೀನನ್ನೂ ದಾಟಿಸಿಬಿಡುವ ರೂಪಾಂತರಿಗಳನ್ನು ಹುಡುಕಿ ಮತ್ತೊಂದು ಜೀನನ್ನು ವಿವರಿಸಿತು. ಇಂದು ಸೆಕ್-ವೈ ಎನ್ನುವುದು ಅದನ್ನೇ. ಸೆಕ್-ವೈ ಪೊರೆಯ ರಂಧ್ರ, ಸೆಕ್-ಎ ಶಕ್ತಿ ವ್ಯಯಿಸಿ ಪ್ರೋಟೀನನ್ನು ತಳ್ಳುವ ಯಂತ್ರ. ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು ದಾರಿಯನ್ನು, ಯಾವುದು ಸತ್ತಿತು, ಯಾವುದು ಉಳಿಯಿತು ಎಂಬುದರಿಂದಲೇ ಗುರುತಿಸಿದ ಈ ತರ್ಕವನ್ನು ನಮ್ಮ ಕಾಲೇಜುಗಳಲ್ಲಿ ಇನ್ನಷ್ಟು ಪ್ರೀತಿಯಿಂದ ಕಲಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಮಾನವ ಇನ್ಸುಲಿನ್ ಇ. ಕೋಲಿಯಿಂದಲೇ ಬಂತು, ಸ್ರವಿಕೆಯಿಲ್ಲದೆ ಬಂತು. ನಿಜ. ಪ್ರೋಟೀನು ಕೋಶದೊಳಗೇ ಗಂಟುಗಂಟಾಗಿ ಕೂಡುತ್ತದೆ. ಕೋಶ ಒಡೆದು, ಗಂಟು ಕರಗಿಸಿ, ಮತ್ತೆ ಸರಿಯಾಗಿ ಮಡಿಸಬೇಕು. ಇನ್ಸುಲಿನ್‌ನಲ್ಲಿರುವುದು 51 ಅಮೈನೊ ಆಮ್ಲಗಳಷ್ಟೇ, ಆದರೆ ಮೂರು ಗಂಧಕದ ಸೇತುವೆಗಳು ಸರಿಯಾದ ಜಾಗದಲ್ಲೇ ಬೀಳಬೇಕು. ಇ. ಕೋಲಿಯ ಒಡಲೊಳಗೆ ಅವು ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ. ಅದರ ಎರಡು ಪೊರೆಗಳ ನಡುವಿನ ಜಾಗದಲ್ಲಿ ಇಂಥ ಸೇತುವೆಗಳನ್ನು ಕಟ್ಟುವ ಪ್ರೋಟೀನೊಂದಿದೆ ಎಂದು 1991ರಲ್ಲಿ ತೋರಿಸಿದ್ದೂ ಬೆಕ್ವಿತ್ ಪ್ರಯೋಗಾಲಯವೇ. ಒಳಗೇ ಇಟ್ಟುಕೊಳ್ಳುವ ದಾರಿ ಇಂದಿಗೂ ಲಾಭದಾಯಕವಾಗಿ ನಡೆಯುತ್ತಿದೆ, ಅದನ್ನು ಹಳಿಯಬೇಕಿಲ್ಲ. ಅಲ್ಲಿ ಕೋಶದ ಕೆಲಸವನ್ನು ರಾಸಾಯನಿಕಗಳಿಂದ ಮಾಡಿಸುತ್ತಾರೆ, ಅದರ ಖರ್ಚನ್ನೂ ಹೊರುತ್ತಾರೆ. ಪಿಕಿಯಾದಲ್ಲಿ ಇನ್ಸುಲಿನ್ನಿನ ಪೂರ್ವರೂಪ ಮಡಿಕೆಯಾಗಿಯೇ ಹೊರದ್ರವಕ್ಕೆ ಬರುತ್ತದೆ.

ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲವಲ್ಲ ಎಂದು ಕೇಳಬಹುದು. ಅಲ್ಲ, ಯೀಸ್ಟಿನ ಸ್ರವಿಕೆಯ ಜೀನುಗಳನ್ನು ಪ್ರತ್ಯೇಕವಾಗಿ ಹುಡುಕಿ 2013ರ ನೊಬೆಲ್ ಹಂಚಿಕೊಂಡ ರ್‍ಯಾಂಡಿ ಶೆಕ್‌ಮನ್ ಅವರ ಋಣ ಇಲ್ಲಿ ದೊಡ್ಡದು. ಆದರೆ 1987ರಲ್ಲಿ ಅವರ ಪ್ರಯೋಗಾಲಯ ಗುರುತಿಸಿದ ಯೀಸ್ಟಿನ ಸೆಕ್-61, ಬ್ಯಾಕ್ಟೀರಿಯಾದ ಸೆಕ್-ವೈ ಜೀನಿನ ನೆಂಟನೇ ಎಂದು ಮುಂದೆ ಗೊತ್ತಾಯಿತು. ನಮ್ಮ ಮೈಯ ಕೋಶಗಳಲ್ಲೂ ಅದೇ ವಂಶದ ರಂಧ್ರವಿದೆ. ಹೋಲಿಕೆ ಹೆಸರಿನಲ್ಲಷ್ಟೇ ಇಲ್ಲ, ತೊಂದರೆಯಲ್ಲೂ ಇದೆ. ಪಿಕಿಯಾಕ್ಕೆ ಬೇಕಾದ ಜೀನಿನ ಪ್ರತಿಗಳನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದವರೆಗೆ ಇಳುವರಿ ಏರುತ್ತದೆ. ಆಮೇಲೆ ಹಲವು ಪ್ರೋಟೀನುಗಳಲ್ಲಿ ಅದು ಇಳಿಯುತ್ತದೆ, ಕೋಶ ಬಳಲುತ್ತದೆ. ಆಗ ತಿದ್ದಬೇಕಾದ್ದು ಔಷಧದ ಜೀನನ್ನಲ್ಲ. ಮಡಿಸಲು ನೆರವಾಗುವ ಪ್ರೋಟೀನನ್ನು ಹೆಚ್ಚಿಸಿ ನೋಡಬೇಕು, ಮುಂತುದಿಯ ಒಂದೆರಡು ಅಮೈನೊ ಆಮ್ಲ ಬದಲಿಸಿ ನೋಡಬೇಕು, ಸಿಕ್ಕಿಕೊಂಡದ್ದು ಎಲ್ಲಿ ಎಂದು ಒಂದೊಂದೇ ರೂಪಾಂತರಿಯನ್ನು ಹೆಕ್ಕಿ ಕೇಳಬೇಕು.